ತಂತಿಯ ಕೆಳಗಿನ ನೆಲ



ಸಂಜೆಯ ಹೊತ್ತು ಊರ ಹೊರಗೆ ಅಡ್ಡಾಡಲು ಹೋದಾಗ ಈ ನೋಟವನ್ನು ನೀವು ಕಂಡೇ ಇರುತ್ತೀರಿ. ನಾಲ್ಕು ಕಾಲೂರಿ ನಿಂತ ಉಕ್ಕಿನ ಗೋಪುರಗಳು ಒಂದರ ಹಿಂದೊಂದು ಗುಡ್ಡ ಹತ್ತಿ, ಹಳ್ಳ ದಾಟಿ, ಹೊಲಗದ್ದೆಗಳ ನೆತ್ತಿಯ ಮೇಲೆ ತಂತಿಗಳನ್ನು ಹೊತ್ತು ಕಣ್ಣಿಗೆ ಕಾಣುವಷ್ಟು ದೂರ ಸಾಗಿರುತ್ತವೆ. ನಮ್ಮ ಮನೆಯ ದೀಪ ಉರಿಯುವುದು, ರೇಡಿಯೋ ನುಡಿಯುವುದು, ನಲ್ಲಿಯಲ್ಲಿ ನೀರು ಬರುವುದು ಆ ತಂತಿಗಳ ದಯದಿಂದ. ಆದರೆ ಆ ತಂತಿ ಎಲ್ಲಿ ಹಾಯಬೇಕು, ಯಾರ ಅಪ್ಪಣೆ ಪಡೆದು ಹಾಯಬೇಕು, ಹಾಯ್ದ ಮೇಲೆ ಕೆಳಗಿನ ನೆಲ ಯಾರದು ಎಂದು ನಾವು ವಿಚಾರಿಸುವುದು ಅಪರೂಪ. ವಿಚಾರಿಸುವ ಸಂದರ್ಭ ಬಂದಾಗ ಸಾಮಾನ್ಯವಾಗಿ ಹೊತ್ತು ಮೀರಿರುತ್ತದೆ.

ನನಗೂ ಹಾಗೆಯೇ ಆಯಿತು. ನನ್ನ ಸೋದರಮಾವನವರಿಗೆ ತುಮಕೂರು ಸೀಮೆಯಲ್ಲಿ ಎರಡು ಎಕರೆ ತೆಂಗಿನ ತೋಟವಿದೆ. ೨೦೦೯ರಲ್ಲಿ ಅದರ ನಡುವೆ ೨೨೦ ಕಿಲೋವೋಲ್ಟಿನ ಲೈನೊಂದು ಹಾದುಹೋಯಿತು. ಮರಗಳನ್ನು ಎಣಿಸಿ ಕಡಿದರು; ಕಡಿದ ಮರಗಳಿಗೆ ಪರಿಹಾರವೂ ಬಂತು. ಮಾವನವರು ರುಜು ಹಾಕಿ ಹಣ ಪಡೆದರು. ವಿಷಯ ಅಲ್ಲಿಗೆ ಮುಗಿಯಿತೆಂದು ನಾವೆಲ್ಲ ತಿಳಿದೆವು. ಈಚೆಗೆ ನಾನು ಹೋಗಿದ್ದಾಗ ಅವರು ತೋಟದ ಬದುವಿನ ಮೇಲೆ ಕುಳಿತು ಹೇಳಿದರು: “ಪಹಣಿ ನೋಡಯ್ಯ, ಎರಡೆಕರೆಯೂ ನನ್ನ ಹೆಸರಿನಲ್ಲೇ ಇದೆ. ಕಂದಾಯ ಕಟ್ಟುವವನೂ ನಾನೇ. ಆದರೆ ಆ ಪಟ್ಟಿಯಲ್ಲಿ ಒಂದು ತೆಂಗಿನ ಸಸಿ ನೆಡುವ ಹಾಗಿಲ್ಲ. ಇದು ಎಂಥ ಯಜಮಾನಿಕೆ, ಓದಿದವನು ನೀನೇ ಹೇಳು.”

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಪಟ್ಟಣಕ್ಕೆ ಹಿಂದಿರುಗಿ ಕಾಯ್ದೆಗಳನ್ನೂ ನಿಯಮಗಳನ್ನೂ ತೆಗೆದು ಓದಿದೆ. ಓದಿದ್ದರ ಸಾರವನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ. ಹಳ್ಳಿಯಲ್ಲಿ ತೋಟವಿರುವವರಿಗೆ ಎಷ್ಟು ಬೇಕೋ, ಪಟ್ಟಣದಲ್ಲಿ ಸೈಟು ಕೊಂಡು ಮನೆ ಕಟ್ಟುವವರಿಗೂ ಇದು ಅಷ್ಟೇ ಬೇಕಾದ ವಿಷಯ.

ಕನ್ನಡ ನಾಡಿಗೆ ಈ ತಂತಿಗಳು ಹೊಸವಲ್ಲ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿ ಸುಮಾರು ೯೨ ಮೈಲಿ, ಎಂದರೆ ೧೪೮ ಕಿಲೋಮೀಟರು, ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ಆ ಕಾಲಕ್ಕೆ ಅಷ್ಟು ದೂರ ಸಾಗಿಸುವುದೆಂದರೆ ಲೋಕವೇ ಬೆರಗಾಗುವ ಕೆಲಸ. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು ಮೂರು ವರ್ಷ ತಡೆದು, ೧೯೦೫ರಲ್ಲಿ. ಅಂದು ನೆಲ ವಿಶಾಲವಾಗಿತ್ತು, ಮನೆಗಳು ವಿರಳವಾಗಿದ್ದುವು. ಇಂದು ಒಂದು ಹೊಸ ಲೈನಿಗೆ ದಾರಿ ಹುಡುಕುವ ಎಂಜಿನಿಯರಿಗೆ ಊರು, ಬಡಾವಣೆ, ಕಾಡು, ವಿಮಾನ ನಿಲ್ದಾಣ, ರೈಲು ಹಾದಿ, ಹೆದ್ದಾರಿ, ಟೆಲಿಫೋನ್ ತಂತಿ ಎಲ್ಲವೂ ಅಡ್ಡ ಬರುತ್ತವೆ. ಕಾಡಿನೊಳಗೆ ಹಾಯಬೇಕಾದರೆ ೧೯೮೦ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಬೇರೆ ಅನುಮತಿ ಬೇಕು. ರೈಲು ಹಾದಿಯ ಮೇಲೆ ಹಾಯಲು ರೈಲ್ವೆಯವರ ಒಪ್ಪಿಗೆ ಬೇಕು. ವಿಮಾನ ನಿಲ್ದಾಣದ ಸಮೀಪಕ್ಕೆ ಹೋದರೆ ಆ ಇಲಾಖೆಯ ಒಪ್ಪಿಗೆ ಬೇಕು. ಇವನ್ನೆಲ್ಲ ತಪ್ಪಿಸಿಕೊಂಡು ಬರುವಷ್ಟರಲ್ಲಿ ದಾರಿ ಯಾರದೋ ಹೊಲದ ಮೇಲೆಯೇ ಬಂದು ನಿಲ್ಲುತ್ತದೆ.

ಇಷ್ಟೊಂದು ಅಧಿಕ ಒತ್ತಡದ ವಿದ್ಯುತ್ತು ಏಕೆ ಬೇಕು ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ಸರಳವಾಗಿದೆ. ತಂತಿಯಲ್ಲಿ ಹರಿಯುವ ಪ್ರವಾಹ ಹೆಚ್ಚಿದಷ್ಟೂ ತಂತಿ ಬಿಸಿಯಾಗಿ ಶಕ್ತಿ ಪೋಲಾಗುತ್ತದೆ. ಒತ್ತಡವನ್ನು ಇಮ್ಮಡಿ ಮಾಡಿದರೆ ಅಷ್ಟೇ ಶಕ್ತಿಯನ್ನು ಅರ್ಧ ಪ್ರವಾಹದಲ್ಲಿ ಸಾಗಿಸಬಹುದು. ಆಗ ಪೋಲಾಗುವುದು ಮೊದಲಿನ ಕಾಲು ಭಾಗ ಮಾತ್ರ. ಆದುದರಿಂದಲೇ ೬೬, ೧೧೦, ೨೨೦, ೪೦೦ ಕಿಲೋವೋಲ್ಟುಗಳ ಮಾರ್ಗಗಳು ನಾಡಿನ ತುಂಬ ಹರಡಿವೆ. ಇವುಗಳಲ್ಲಿ ನಿಮ್ಮ ಮನೆಯ ಬಳಿ ಹಾಯುವುದು ಯಾವುದೆಂದು ತಿಳಿಯಲು ಗೋಪುರಕ್ಕೆ ಬಡಿದಿರುವ ಅಪಾಯಸೂಚಕ ಫಲಕವನ್ನು ದೂರದಿಂದಲೇ ಓದಿ. ಫಲಕ ಬಿದ್ದುಹೋಗಿದ್ದರೆ ತಂತಿಯನ್ನು ತೂಗುಹಾಕಿರುವ ಪಿಂಗಾಣಿ ಬಿಲ್ಲೆಗಳನ್ನು ಎಣಿಸಿ. ೬೬ಕ್ಕೆ ಐದಾರು ಬಿಲ್ಲೆ, ೨೨೦ಕ್ಕೆ ಹದಿಮೂರು ಹದಿನಾಲ್ಕು, ೪೦೦ಕ್ಕೆ ಇಪ್ಪತ್ತಕ್ಕೆ ಮೇಲ್ಪಟ್ಟು ಇರುವುದು ವಾಡಿಕೆ.

ಈಗ ನೆಲದ ಮಾತಿಗೆ ಬರೋಣ. ಗೋಪುರದಿಂದ ಗೋಪುರಕ್ಕೆ ಕಟ್ಟಿದ ತಂತಿ ಬಿಗಿದ ವೀಣೆಯ ತಂತಿಯಂತಲ್ಲ. ಬಟ್ಟೆ ಒಣಗಹಾಕುವ ಹಗ್ಗದಂತೆ ನಡುವೆ ಜೋತುಬಿದ್ದಿರುತ್ತದೆ. ಬೇಸಗೆಯ ಮಧ್ಯಾಹ್ನ ಲೋಹ ಕಾದು ಹಿಗ್ಗಿದಾಗ ಇನ್ನಷ್ಟು ಜೋಲುತ್ತದೆ. ಸಂಜೆಯ ಹೊತ್ತು ಊರೆಲ್ಲ ದೀಪ ಹಾಕಿ ಪ್ರವಾಹ ಹೆಚ್ಚಿದಾಗಲೂ ಹಾಗೆಯೇ. ಗಾಳಿ ಬೀಸಿದರೆ ಉಯ್ಯಾಲೆಯಂತೆ ಪಕ್ಕಕ್ಕೆ ತೂಗುತ್ತದೆ. ಹೀಗೆ ಅತಿಯಾಗಿ ಜೋತಾಗಲೂ ಅತಿಯಾಗಿ ತೂಗಿದಾಗಲೂ ಯಾವ ವಸ್ತುವಿಗೂ ಅದು ತಾಕಬಾರದು, ತಾಕುವಷ್ಟು ಹತ್ತಿರಕ್ಕೂ ಬರಬಾರದು. ಆ ಎಚ್ಚರಿಕೆಗಾಗಿ ಲೈನಿನ ಉದ್ದಕ್ಕೂ ಇಂತಿಷ್ಟು ಅಗಲದ ಪಟ್ಟಿ ಖಾಲಿಯಾಗಿರಬೇಕೆಂದು ಗೊತ್ತುಮಾಡಿದ್ದಾರೆ. ೬೬ ಕಿಲೋವೋಲ್ಟಿಗೆ ೧೮ ಮೀಟರು, ೧೧೦ಕ್ಕೆ ೨೨ ಮೀಟರು, ೨೨೦ಕ್ಕೆ ೩೫ ಮೀಟರು, ೪೦೦ಕ್ಕೆ ೪೬ ಮೀಟರು.

ಅಂಕಿಗಳನ್ನು ಕೇಳಿದಾಗ ಹೆಚ್ಚೆನಿಸುವುದಿಲ್ಲ. ಲೆಕ್ಕ ಹಾಕಿದಾಗ ಗೊತ್ತಾಗುತ್ತದೆ. ನಮ್ಮ ಮಾವನವರ ತೋಟದಲ್ಲಿ ಲೈನು ಹಾದ ಉದ್ದ ಸುಮಾರು ನೂರು ಮೀಟರು. ಅದನ್ನು ೩೫ರಿಂದ ಗುಣಿಸಿದರೆ ೩,೫೦೦ ಚದರ ಮೀಟರು, ಎಂದರೆ ಮೂವತ್ತನಾಲ್ಕೂವರೆ ಗುಂಟೆ. ಎಂಬತ್ತು ಗುಂಟೆಯ ತೋಟದಲ್ಲಿ ಮೂವತ್ತನಾಲ್ಕೂವರೆ ಗುಂಟೆ! ಅಲ್ಲಿ ರಾಗಿ ಬೆಳೆಯಬಹುದು, ಹುರುಳಿ ಚೆಲ್ಲಬಹುದು, ಸೊಪ್ಪು ತರಕಾರಿ ಹಾಕಬಹುದು. ತೆಂಗು, ಮಾವು, ಹಲಸುಗಳಂಥ ಎತ್ತರದ ಮರ ಕೂಡದು. ಎಕರೆಗೆ ಎಪ್ಪತ್ತು ಮರದ ಲೆಕ್ಕದಲ್ಲಿ ಅರವತ್ತು ತೆಂಗಿನ ಮರಗಳು ನಿಲ್ಲುವ ಜಾಗ ಅದು. ಗೋಪುರದ ನಾಲ್ಕು ಕಾಲುಗಳ ನಡುವಿನ ನೆಲವಂತೂ ಉಳುಮೆಗೂ ಸಿಕ್ಕುವುದಿಲ್ಲ.

ಇಷ್ಟು ನೆಲವನ್ನು ಬಳಸಿಕೊಳ್ಳುವ ಅಧಿಕಾರ ಎಲ್ಲಿಂದ ಬಂತು? ೨೦೦೩ರ ವಿದ್ಯುಚ್ಛಕ್ತಿ ಕಾಯ್ದೆಯ ೬೮ನೆಯ ಪ್ರಕರಣದಂತೆ ತಲೆಯ ಮೇಲೆ ತಂತಿಮಾರ್ಗ ಹಾಕಲು ಸರ್ಕಾರದ ಪೂರ್ವಾನುಮತಿ ಬೇಕು. ರಾಜ್ಯದೊಳಗಿನ ಮಾರ್ಗವಾದರೆ ರಾಜ್ಯ ಸರ್ಕಾರ, ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾರ್ಗವಾದರೆ ಕೇಂದ್ರ ಸರ್ಕಾರ ಅದನ್ನು ಕೊಡತಕ್ಕದ್ದು. ಈ ಅನುಮತಿ ಇದ್ದರೂ ೨೦೦೬ರ ನಿಯಮಗಳಂತೆ ನೆಲದ ಒಡೆಯನ ಒಪ್ಪಿಗೆಯನ್ನು ಬೇರೆಯಾಗಿ ಕೇಳಬೇಕು; ಅವನು ಒಪ್ಪದಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಇದು ಸಾಮಾನ್ಯ ಕ್ರಮ. ಆದರೆ ಅದೇ ಕಾಯ್ದೆಯ ೧೬೪ನೆಯ ಪ್ರಕರಣ ಇನ್ನೊಂದು ಬಾಗಿಲನ್ನು ತೆರೆದಿದೆ. ಟೆಲಿಗ್ರಾಫ್ ಇಲಾಖೆಗೆ ೧೮೮೫ರ ಕಾಯ್ದೆಯಲ್ಲಿ ಯಾವ ಅಧಿಕಾರವಿತ್ತೋ ಅದನ್ನು ವಿದ್ಯುತ್ ಮಾರ್ಗ ಹಾಕುವವರಿಗೂ ಸರ್ಕಾರ ಆಜ್ಞೆಯ ಮೂಲಕ ಕೊಡಬಹುದು. ದೊಡ್ಡ ಮಾರ್ಗಗಳಿಗೆ ಸಾಮಾನ್ಯವಾಗಿ ಈ ಅಧಿಕಾರವೇ ಆಧಾರ. ಇದು ದೊರೆತವರು ಒಡೆಯನ ಪೂರ್ವಸಮ್ಮತಿಯನ್ನು ಪಡೆಯಬೇಕಾಗಿಲ್ಲವೆಂದು ೨೦೧೬ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕೂಡ ಹೇಳಿತು. ೨೦೨೩ರಲ್ಲಿ ದೂರಸಂಪರ್ಕಕ್ಕೆ ಹೊಸ ಕಾಯ್ದೆ ಬಂದರೂ, ವಿದ್ಯುತ್ ಮಾರ್ಗಗಳ ಮಟ್ಟಿಗೆ ಹಳೆಯ ಕಾಯ್ದೆಯ ಮೂರನೆಯ ಭಾಗ ಮುಂದುವರಿಯತಕ್ಕದ್ದೆಂದು ಆ ಹೊಸ ಕಾಯ್ದೆಯಲ್ಲೇ ಬರೆದಿದ್ದಾರೆ.

ಟೆಲಿಗ್ರಾಫ್ ಕಂಬಕ್ಕಾಗಿ ಬರೆದ ಕಾಯ್ದೆ ಎಂಬುದನ್ನು ಸ್ವಲ್ಪ ಗಮನಿಸಿ. ಅದರ ೧೦ನೆಯ ಪ್ರಕರಣದ ಪ್ರಕಾರ ತಂತಿ ಹಾಕುವವರಿಗೆ ನೆಲದಲ್ಲಿ ಬಳಕೆಯ ಹಕ್ಕು ಮಾತ್ರ ದೊರೆಯುತ್ತದೆ. ನೆಲದ ಒಡೆತನ ಒಡೆಯನಲ್ಲೇ ಉಳಿಯುತ್ತದೆ. ಹೊಲದ ಬದುವಿನಲ್ಲಿ ಒಂದು ಕಂಬ ನೆಟ್ಟು ಎರಡು ಸಣ್ಣ ತಂತಿ ಎಳೆಯುವ ಕಾಲಕ್ಕೆ ಇದು ನ್ಯಾಯವಾದ ಏರ್ಪಾಡೇ. ಕಂಬಕ್ಕೆ ಒಂದು ಮೊಳ ಜಾಗ ಹೋದರೆ ಒಡೆಯನಿಗೆ ಮಿಕ್ಕದ್ದೆಲ್ಲ ಉಳಿಯುತ್ತಿತ್ತು. ೩೫ ಮೀಟರು ಅಗಲದ ಪಟ್ಟಿಗೆ ಅದೇ ಮಾತನ್ನು ಅನ್ವಯಿಸಿದಾಗ ಒಡೆತನ ಕಾಗದದಲ್ಲಿ ಉಳಿದು, ಉಪಯೋಗ ತಂತಿಯ ಪಾಲಾಗುತ್ತದೆ. ನಮ್ಮ ಮಾವನವರ ಪ್ರಶ್ನೆ ಹುಟ್ಟಿದ್ದು ಇಲ್ಲಿಯೇ.

ಹಾಗೆಂದು ಕಾಯ್ದೆ ಒಡೆಯನನ್ನು ಪೂರ್ತಿ ಕೈಬಿಟ್ಟಿದೆಯೆಂದು ತಿಳಿಯಬೇಡಿ. ಅದೇ ೧೦ನೆಯ ಪ್ರಕರಣ, ಆದಷ್ಟು ಕಡಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು ಎಂದು ವಿಧಿಸುತ್ತದೆ. ಒಡೆಯನು ತಡೆದರೆ ಜಿಲ್ಲಾ ಮ್ಯಾಜಿಸ್ಟ್ರೇಟರು, ಎಂದರೆ ನಮ್ಮ ಜಿಲ್ಲಾಧಿಕಾರಿಗಳು, ವಿಚಾರಿಸಿ ಆಜ್ಞೆ ಮಾಡಬಹುದು. ಕೊಟ್ಟ ಪರಿಹಾರ ಸಾಲದೆಂದು ಕಂಡರೆ ೧೬ನೆಯ ಪ್ರಕರಣದ ಮೇರೆಗೆ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು. ೧೭ನೆಯ ಪ್ರಕರಣವನ್ನಂತೂ ಬಲ್ಲವರು ವಿರಳ. ಒಡೆಯನು ತನ್ನ ನೆಲವನ್ನು ಬೇರೆ ರೀತಿಯಲ್ಲಿ ಉಪಯೋಗಿಸಬೇಕೆಂದಿದ್ದರೆ, ತಂತಿಯನ್ನು ಅದೇ ನೆಲದ ಇನ್ನೊಂದು ಕಡೆಗೆ ಸರಿಸಿ ಅಥವಾ ಎತ್ತರಿಸಿ ಎಂದು ಕೇಳಬಹುದು. ಮೊದಲು ಪರಿಹಾರ ಪಡೆದಿದ್ದರೆ, ಸರಿಸುವ ವೆಚ್ಚವನ್ನಾಗಲಿ ಪಡೆದ ಪರಿಹಾರದ ಅರ್ಧವನ್ನಾಗಲಿ, ಯಾವುದು ಕಡಮೆಯೋ ಅದನ್ನು ಕಟ್ಟಬೇಕು. ಅವರು ಸರಿಸದಿದ್ದರೆ ಮತ್ತೆ ಜಿಲ್ಲಾಧಿಕಾರಿಗಳೇ ತೀರ್ಮಾನಿಸತಕ್ಕವರು.

ಪರಿಹಾರವೆಂದರೆ ಕಡಿದ ಮರಗಳ ಬೆಲೆ ಮಾತ್ರವೆ? ಬಹುಕಾಲ ಹಾಗೆಯೇ ನಡೆದು ಬಂತು. ೨೦೦೭ರಲ್ಲಿ ಕೇರಳದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ನೆಲ ಎಲ್ಲಿದೆ, ತಂತಿ ಅದರ ಅಂಚಿನಲ್ಲಿ ಹಾದಿದೆಯೋ ನಡುವೆಯೋ, ಎಷ್ಟು ಭಾಗ ಅದರ ಕೆಳಗೆ ಬಿತ್ತು, ಒಡೆಯನು ಆ ನೆಲವನ್ನು ಯಾವ ಕೆಲಸಕ್ಕೆ ಇಟ್ಟುಕೊಂಡಿದ್ದನೋ ಆ ಉಪಯೋಗ ಎಷ್ಟರಮಟ್ಟಿಗೆ ತಪ್ಪಿತು ಎಂಬುದನ್ನೆಲ್ಲ ನೋಡಬೇಕೆಂದು ಹೇಳಿತು. ಆಮೇಲೆ ೨೦೧೫ರ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಒಂದು ಮಾರ್ಗದರ್ಶಿಯನ್ನು ಹೊರಡಿಸಿತು. ೬೬ ಕಿಲೋವೋಲ್ಟು ಮತ್ತು ಅದಕ್ಕೆ ಮೇಲ್ಪಟ್ಟ ಮಾರ್ಗಗಳಲ್ಲಿ ಗೋಪುರದ ಬುಡದ ನೆಲಕ್ಕೆ ಬೆಲೆಯ ನೂರಕ್ಕೆ ೮೫, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ನೂರಕ್ಕೆ ೧೫ ಎಂದು ಅದರಲ್ಲಿತ್ತು. ೨೦೨೪ರ ಜೂನಿನಲ್ಲಿ ಅದನ್ನು ಬದಲಿಸಿ ಗೋಪುರದ ಬುಡಕ್ಕೆ ಬೆಲೆಯ ಎರಡರಷ್ಟು, ಪಟ್ಟಿಗೆ ನೂರಕ್ಕೆ ೩೦ ಎಂದು ಗೊತ್ತುಮಾಡಿದರು. ಬುಡವನ್ನು ಅಳೆಯುವಾಗ ನಾಲ್ಕು ಕಾಲುಗಳಿಂದ ಹೊರಕ್ಕೆ ಸುತ್ತಲೂ ಒಂದೊಂದು ಮೀಟರು ಸೇರಿಸಬೇಕು. ೨೦೨೫ರ ಮಾರ್ಚಿನಲ್ಲಿ ಪಟ್ಟಣಗಳಿಗಾಗಿ ಇನ್ನೊಂದು ತಿದ್ದುಪಡಿ ಬಂತು: ಪಟ್ಟಿಯ ಪರಿಹಾರ ಪುರಸಭೆ ನಗರಸಭೆಗಳ ಮೇರೆಯಲ್ಲಿ ನೂರಕ್ಕೆ ೪೫, ಮಹಾನಗರಗಳಲ್ಲಿ ನೂರಕ್ಕೆ ೬೦.

ಒಂದು ಉದಾಹರಣೆ ನೋಡಿ. ಗುಂಟೆಗೆ ಒಂದು ಲಕ್ಷ ರೂಪಾಯಿ ಬೆಲೆಯೆಂದಿಟ್ಟುಕೊಂಡರೆ, ಮಾವನವರ ಮೂವತ್ತನಾಲ್ಕೂವರೆ ಗುಂಟೆಗೆ ೨೦೧೫ರ ಲೆಕ್ಕದಲ್ಲಿ ಹೆಚ್ಚೆಂದರೆ ಸುಮಾರು ೫ ಲಕ್ಷ ೧೭ ಸಾವಿರ. ೨೦೨೪ರ ಲೆಕ್ಕದಲ್ಲಿ ೧೦ ಲಕ್ಷ ೩೫ ಸಾವಿರ. ೨೦೦೯ರಲ್ಲಿ ಅವರು ನೆಲದ ಬಾಬ್ತು ಪಡೆದದ್ದು ಸೊನ್ನೆ. ಲೈನು ಒಂದೇ, ನೆಲ ಒಂದೇ, ನಷ್ಟವೂ ಒಂದೇ, ಬೇರೆಯಾದದ್ದು ವರ್ಷ. ಇನ್ನೊಂದು ಮಾತನ್ನೂ ಮರೆಯಬಾರದು. ಇವು ಮಾರ್ಗದರ್ಶಿಗಳು. ರಾಜ್ಯ ಸರ್ಕಾರ ತನ್ನ ಆಜ್ಞೆಯ ಮೂಲಕ ಅಂಗೀಕರಿಸಿದಷ್ಟು ಮಾತ್ರ ಆ ರಾಜ್ಯದ ಮಾರ್ಗಗಳಿಗೆ ಅನ್ವಯವಾಗುತ್ತದೆ. ಆದುದರಿಂದ ನಿಮ್ಮ ಹೊಲದಲ್ಲಿ ಸುಣ್ಣದ ಗುರುತು ಬಿದ್ದ ದಿನವೇ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಿ, ಈ ಮಾರ್ಗಕ್ಕೆ ಯಾವ ಆಜ್ಞೆ ಜಾರಿಯಲ್ಲಿದೆ, ಅದರ ಪ್ರತಿ ಕೊಡಿ ಎಂದು ಬರಹದಲ್ಲಿ ಕೇಳಿ. ಹಣ ತೆಗೆದುಕೊಳ್ಳುವಾಗಲೂ ಸಾಲದೆಂದು ತೋರಿದರೆ ‘ಆಕ್ಷೇಪಣೆಯೊಡನೆ ಪಡೆದಿದ್ದೇನೆ’ ಎಂದು ರುಜುವಿನ ಮೇಲೆ ಬರೆದು, ತಡಮಾಡದೆ ವಕೀಲರನ್ನು ಕಾಣಿ. ನಮ್ಮ ಮಾವನವರು ಇದನ್ನು ಮಾಡಲಿಲ್ಲ. ಅವರಿಗೆ ಹೇಳುವವರೂ ಇರಲಿಲ್ಲ.

ಇಷ್ಟು ಹೊತ್ತು ಹಳ್ಳಿಯ ಮಾತಾಯಿತು. ಇನ್ನು ಪಟ್ಟಣದ ಕಡೆಗೆ ತಿರುಗೋಣ. ಊರು ಬೆಳೆಯುತ್ತ ಬೆಳೆಯುತ್ತ ಹಳೆಯ ಲೈನುಗಳ ಬುಡಕ್ಕೆ ಬಂದಿದೆ. ಹೊಲವಾಗಿದ್ದ ಜಾಗ ಬಡಾವಣೆಯಾಗಿದೆ. ಲೈನಿನ ಪಕ್ಕದ ಸೈಟು ಬೇರೆಯವಕ್ಕಿಂತ ಸ್ವಲ್ಪ ಅಗ್ಗವಾಗಿ ಸಿಕ್ಕುತ್ತದೆ. ‘ಎದುರಿಗೆ ಯಾರೂ ಕಟ್ಟುವುದಿಲ್ಲ, ಗಾಳಿ ಬೆಳಕು ಚೆನ್ನಾಗಿದೆ’ ಎಂದು ದಲ್ಲಾಳಿ ಹೇಳುತ್ತಾನೆ. ಅವನ ಮಾತು ಸುಳ್ಳಲ್ಲ. ಎದುರಿಗೆ ಯಾರೂ ಏಕೆ ಕಟ್ಟುವುದಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಕಟ್ಟಡಕ್ಕೂ ತಂತಿಗೂ ನಡುವೆ ಇರಬೇಕಾದ ಅಂತರವನ್ನು ಮೊದಲು ೧೯೫೬ರ ವಿದ್ಯುಚ್ಛಕ್ತಿ ನಿಯಮಗಳು ಗೊತ್ತುಮಾಡಿದ್ದುವು. ಆ ಬಳಿಕ ೨೦೧೦ರಲ್ಲಿಯೂ ಮತ್ತೆ ೨೦೨೩ರಲ್ಲಿಯೂ ಕೇಂದ್ರ ವಿದ್ಯುತ್ ಪ್ರಾಧಿಕಾರ ಸುರಕ್ಷತೆಯ ಹೊಸ ನಿಬಂಧನೆಗಳನ್ನು ಹೊರಡಿಸಿತು. ಲೆಕ್ಕದ ಕ್ರಮ ಹೀಗಿದೆ. ೩೩ ಕಿಲೋವೋಲ್ಟಿನವರೆಗೆ ತಾರಸಿಯ ಮೇಲೆ ೩.೭ ಮೀಟರು ತೆರವಿರಬೇಕು. ಅದಕ್ಕೆ ಮೇಲ್ಪಟ್ಟ ಪ್ರತಿ ೩೩ ಕಿಲೋವೋಲ್ಟಿಗೂ ಅಥವಾ ಅದರ ಭಾಗಕ್ಕೂ ೦.೩ ಮೀಟರು ಕೂಡಿಸಬೇಕು. ಪಕ್ಕದ ಅಂತರ ೧೧ ಕಿಲೋವೋಲ್ಟಿನವರೆಗೆ ೧.೨ ಮೀಟರು, ೩೩ರವರೆಗೆ ೨ ಮೀಟರು. ಆಮೇಲೆ ಅದೇ ರೀತಿ ೦.೩ ಮೀಟರಿನಂತೆ ಏರಿಕೆ. ಈ ಲೆಕ್ಕದಲ್ಲಿ ೬೬ರ ಲೈನಿಗೆ ಮೇಲಕ್ಕೆ ೪ ಮೀಟರು, ಪಕ್ಕಕ್ಕೆ ೨.೩, ೨೨೦ಕ್ಕೆ ಮೇಲಕ್ಕೆ ೫.೫, ಪಕ್ಕಕ್ಕೆ ೩.೮, ೪೦೦ಕ್ಕೆ ಮೇಲಕ್ಕೆ ೭.೩, ಪಕ್ಕಕ್ಕೆ ೫.೬. ಮೇಲಿನ ಅಂತರವನ್ನು ತಂತಿ ಅತಿಯಾಗಿ ಜೋತಾಗ ಎಷ್ಟಿರುವುದೋ ಅದರಿಂದ, ಪಕ್ಕದ ಅಂತರವನ್ನು ಗಾಳಿಗೆ ಅತಿಯಾಗಿ ತೂಗಿದಾಗ ಎಷ್ಟಿರುವುದೋ ಅದರಿಂದ ಎಣಿಸಬೇಕು. ಮಾಗಿಯ ಚಳಿಯಲ್ಲಿ, ಗಾಳಿಯಿಲ್ಲದ ಬೆಳಗಿನಲ್ಲಿ ಕಣ್ಣಳತೆಯಿಂದ ‘ಬೇಕಾದಷ್ಟು ದೂರವಿದೆ’ ಎಂದರೆ ಆ ಮಾತು ಚೈತ್ರದ ಮಧ್ಯಾಹ್ನಕ್ಕೆ ನಿಲ್ಲುವುದಿಲ್ಲ.

ಇವು ಕಟ್ಟಡಕ್ಕೆ ಕನಿಷ್ಠ ಅಂತರಗಳು. ಇಷ್ಟು ಬಿಟ್ಟರೆ ಲೈನಿನ ಪಟ್ಟಿಯೊಳಗೆ ಮನೆ ಕಟ್ಟಬಹುದೆಂದು ಅರ್ಥವಲ್ಲ. ೨೦೨೪ರ ಮಾರ್ಗದರ್ಶಿ, ಪಟ್ಟಿಯೊಳಗೆ ಯಾವ ಕಟ್ಟಡದ ಕೆಲಸವೂ ಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ.

ನಮ್ಮ ಬೀದಿಯ ಕೊನೆಯ ಮನೆಯವರು ಮಗಳ ಮದುವೆಗೆ ಮುಂಚೆ ಮಹಡಿಯ ಮೇಲೊಂದು ಕೋಣೆ ಕಟ್ಟಿಸಲು ಹೊರಟರು. ಮನೆಯ ಹಿಂದೆ ೬೬ ಕಿಲೋವೋಲ್ಟಿನ ಲೈನು. ಕೆಳಗಿನ ಮನೆ ಕಟ್ಟಿ ಎಷ್ಟೋ ವರ್ಷವಾಗಿತ್ತು, ತೊಂದರೆ ಬಂದಿರಲಿಲ್ಲ. ನೆಲಮಹಡಿಗೆ ಇದ್ದ ಅಂತರ ಮೊದಲ ಮಹಡಿಗೆ ಇರುವುದಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ಕಬ್ಬಿಣದ ಸರಳುಗಳು ನಲವತ್ತು ಅಡಿ ಉದ್ದವಾಗಿ ಬರುತ್ತವಷ್ಟೆ. ಒಬ್ಬ ಹುಡುಗ ಅಂಥ ಒಂದು ಸರಳನ್ನು ನೆಟ್ಟಗೆ ನಿಲ್ಲಿಸಿ ಮೇಲಿದ್ದವನ ಕೈಗೆ ಕೊಡಲು ಎತ್ತುತ್ತಿದ್ದ. ಎದುರುಮನೆಯ ಅಜ್ಜಿ ಹೊಸಲಿನಿಂದಲೇ ಕೂಗಿಕೊಂಡರು. ಹುಡುಗ ಬೆಚ್ಚಿ ಸರಳನ್ನು ಕೆಳಗೆ ಹಾಕಿದ. ಅಷ್ಟರಿಂದ ಒಂದು ಪ್ರಾಣ ಉಳಿಯಿತು. ಈ ಒತ್ತಡದ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ. ಸಮೀಪಕ್ಕೆ ಬಂದರೆ ಸಾಕು, ವಿದ್ಯುತ್ತು ಗಾಳಿಯಲ್ಲೇ ನೆಗೆಯುತ್ತದೆ.

ತೆರೆದ ತಂತಿಯ ಕೆಳಗಾಗಲಿ ಸಮೀಪದಲ್ಲಾಗಲಿ, ಆ ಅಂತರವನ್ನು ಮೀರುವಂತೆ ಸರಳು, ಕೊಳವೆ ಮುಂತಾದವನ್ನು ಒಯ್ಯಬಾರದೆಂದು ನಿಯಮವೇ ಇದೆ. ಅಲ್ಲಿ ಮಣ್ಣಿನ ಗುಡ್ಡೆ ಹಾಕಬಾರದು, ಹುಲ್ಲಿನ ಬಣವೆ ಒಟ್ಟಬಾರದು, ಮರ ಬೆಳೆಸಬಾರದು. ಲೈನು ಮೊದಲೇ ಇದ್ದು ನೀವು ಆಮೇಲೆ ಮನೆ ಕಟ್ಟುವುದಾದರೆ, ಅಥವಾ ಇರುವ ಮನೆಯನ್ನು ಎತ್ತರಿಸುವುದಾದರೆ, ಅದನ್ನು ವಿದ್ಯುತ್ ಸಂಸ್ಥೆಗೂ ವಿದ್ಯುತ್ ಪರಿವೀಕ್ಷಕರಿಗೂ ಅಳತೆಯ ನಕ್ಷೆಯೊಡನೆ ಬರಹದಲ್ಲಿ ತಿಳಿಸಬೇಕು. ತಿಳಿಸುವ ಹೊಣೆ ನಿಮ್ಮದು ಮಾತ್ರವಲ್ಲ, ನಿಮ್ಮ ಕಂಟ್ರಾಕ್ಟರನದೂ ಹೌದು. ಅಂತರ ಸಾಲದಿದ್ದರೆ ಲೈನನ್ನು ಬದಲಿಸುವ ವೆಚ್ಚ ಬೀಳುವುದು ಆಮೇಲೆ ಕಟ್ಟುವವರ ತಲೆಯ ಮೇಲೆ. ಆ ವೆಚ್ಚದ ಅಂದಾಜು ಹೆಚ್ಚಾಯಿತೆಂದು ತೋರಿದರೆ ಪರಿವೀಕ್ಷಕರು ತೀರ್ಮಾನ ಕೊಡುತ್ತಾರೆ. ಅವರಿಗೆ ಸಮಾಧಾನವಾಗುವವರೆಗೆ ಕೆಲಸ ಆರಂಭಿಸುವಂತಿಲ್ಲ.

ಇನ್ನೊಂದು ಶಂಕೆಯನ್ನು ತಾಯಂದಿರು ಆಗಾಗ ಎತ್ತುತ್ತಾರೆ: ಲೈನಿನ ಬಳಿ ವಾಸಿಸಿದರೆ ಮಕ್ಕಳ ಆರೋಗ್ಯಕ್ಕೆ ಕೇಡೆ? ತಂತಿಯ ಸುತ್ತ ಕಾಂತಕ್ಷೇತ್ರವಿರುವುದು ನಿಜ. ದೂರ ಸರಿದಂತೆ ಅದು ಬೇಗ ಇಳಿದುಹೋಗುವುದೂ ನಿಜ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೨೦೦೨ರಲ್ಲಿ ಇದನ್ನು ‘ಕ್ಯಾನ್ಸರಿಗೆ ಕಾರಣವಾಗಬಹುದಾದ’ ವಸ್ತುಗಳ ವರ್ಗದಲ್ಲಿಟ್ಟಿತು. ಮಕ್ಕಳ ರಕ್ತದ ಕ್ಯಾನ್ಸರಿಗೂ ಕಾಂತಕ್ಷೇತ್ರಕ್ಕೂ ಕೆಲವು ಅಂಕಿಅಂಶಗಳಲ್ಲಿ ಸಣ್ಣ ನಂಟು ಕಂಡದ್ದು ಅದಕ್ಕೆ ಆಧಾರ. ಕಾಂತಕ್ಷೇತ್ರವೇ ಕಾರಣವೆಂದು ಸಿದ್ಧವಾಗಿಲ್ಲ. ೨೦೧೦ರ ಅಂತರರಾಷ್ಟ್ರೀಯ ಮಾರ್ಗದರ್ಶಿಯಲ್ಲಿ ಸಾರ್ವಜನಿಕರಿಗೆ ೨೦೦ ಮೈಕ್ರೋಟೆಸ್ಲಾ ಎಂಬ ಮಿತಿಯಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯವಂತೂ ೧೯೯೦ರಲ್ಲೇ ಲೈನಿನ ಪಟ್ಟಿಯ ಅಂಚಿನಲ್ಲಿ ೨೦ ಮೈಕ್ರೋಟೆಸ್ಲಾ ಮೀರಬಾರದೆಂದು ಕಟ್ಟುಮಾಡಿತು. ಹೆದರಿಕೆಯಿಂದ ನಿದ್ರೆಗೆಡಬೇಕಾದ ವಿಷಯ ಇದಲ್ಲ. ನಿಜವಾಗಿ ಪ್ರಾಣ ಹೋಗುವುದು ಸರಳಿನಿಂದ, ಏಣಿಯಿಂದ, ಲೋಹದ ದಾರ ಕಟ್ಟಿದ ಗಾಳಿಪಟದಿಂದ. ನಿಯಮದ ಅಂತರವನ್ನು ಬಿಟ್ಟು ಕಟ್ಟಿದರೆ ಎರಡು ಭಯಕ್ಕೂ ಒಂದೇ ಮದ್ದು.

ತಂತಿಯನ್ನೆಲ್ಲ ನೆಲದೊಳಗೆ ಹೂಳಬಾರದೆ ಎಂದೂ ಕೇಳುತ್ತಾರೆ. ಬೆಂಗಳೂರಿನ ಒಳಭಾಗದಲ್ಲಿ ೬೬ ಮತ್ತು ೨೨೦ ಕಿಲೋವೋಲ್ಟಿನ ಕೇಬಲುಗಳು ನೆಲದಡಿಯಲ್ಲಿ ಇವೆ. ಆದರೆ ಅದರ ವೆಚ್ಚ ಮೇಲಿನ ತಂತಿಯ ಹಲವು ಪಟ್ಟು. ಕೆಟ್ಟರೆ ಹುಡುಕಿ ಅಗೆದು ಸರಿಪಡಿಸಲು ದಿನಗಟ್ಟಲೆ ಬೇಕು. ಆದುದರಿಂದ ಹೊಲದ ಮೇಲಿನ ತಂತಿ ಹೊಲದ ಮೇಲೆಯೇ ಇನ್ನೂ ಬಹುಕಾಲ ಇರುತ್ತದೆಂದು ತಿಳಿದು ನಾವು ನಡೆದುಕೊಳ್ಳಬೇಕು.

ಹಾಗಾದರೆ ಮಾಡಬೇಕಾದುದೇನು? ಸೈಟು ಕೊಳ್ಳುವವರು ಕ್ರಯದ ಕರಾರಿಗೆ ರುಜು ಹಾಕುವ ಮುಂಚೆ ಮಂಜೂರಾದ ಬಡಾವಣೆಯ ನಕ್ಷೆಯನ್ನು ತರಿಸಿ, ಲೈನೂ ಅದರ ಪಟ್ಟಿಯೂ ಅದರಲ್ಲಿ ಗುರುತಾಗಿವೆಯೇ ಎಂದು ನೋಡಿ. ತಂತಿಯ ಒತ್ತಡ ತಿಳಿದುಕೊಂಡು, ಗೋಪುರದ ನಡುಗೆರೆಯಿಂದ ಪಟ್ಟಿಯ ಅರ್ಧ ಅಗಲವನ್ನು ಟೇಪು ಹಿಡಿದು ನೆಲದ ಮೇಲೆ ಅಳೆಯಿರಿ; ೬೬ಕ್ಕೆ ಒಂಬತ್ತು ಮೀಟರು, ೨೨೦ಕ್ಕೆ ಹದಿನೇಳೂವರೆ. ಮನೆ ಎತ್ತರಿಸುವವರು ಗಾರೆಯವನನ್ನು ಕರೆ‌ಯುವ ಮುಂಚೆ ಪರಿವೀಕ್ಷಕರಿಗೆ ಬರೆಯಿರಿ. ಹಳ್ಳಿಯಲ್ಲಿ ಜಮೀನಿರುವವರು, ಹೊಸ ಮಾರ್ಗದ ಪ್ರಕಟಣೆ ಪತ್ರಿಕೆಯಲ್ಲಿ ಬಂದಾಗ ನಿಮ್ಮ ತಾಲ್ಲೂಕಿನ ಹೆಸರಿದೆಯೇ ಎಂದು ನೋಡಿ, ಆಕ್ಷೇಪಣೆಯಿದ್ದರೆ ಆಗಲೇ ತಿಳಿಸಿ. ಕಾಗದದ ಮೇಲಿನ ಗೆರೆಯನ್ನು ಸರಿಸುವುದು ಸುಲಭ. ಕಾಂಕ್ರೀಟು ಹಾಕಿದ ಗೋಪುರವನ್ನು ಸರಿಸುವುದು ಕಷ್ಟ.

ಊರಿಗೆಲ್ಲ ಬೆಳಕು ಬೇಕು. ಅದಕ್ಕೆ ಯಾರಾದರೂ ನೆಲ ಬಿಟ್ಟುಕೊಡಲೇಬೇಕು. ಹಾಗೆ ಬಿಟ್ಟುಕೊಟ್ಟವನ ನಷ್ಟವನ್ನು ಬೆಳಕು ಪಡೆದವರೆಲ್ಲ ಸೇರಿ ತುಂಬಿಕೊಡುವುದು ನ್ಯಾಯ. ಮೊನ್ನೆ ಮಾವನವರಿಗೆ ಕಾಗದ ಬರೆದೆ. ‘ಮಾವ, ನಿಮ್ಮ ಪ್ರಶ್ನೆಗೆ ಕಾಯ್ದೆಯ ಉತ್ತರ ಇದು: ನೆಲ ನಿಮ್ಮದು, ಅದರ ಮೇಲಿನ ಆಕಾಶದ ಬಳಕೆ ಊರಿನದು. ಆ ಬಳಕೆಗೆ ಬೆಲೆಯಿದೆಯೆಂದು ಒಪ್ಪಿಕೊಳ್ಳಲು ಸರ್ಕಾರಕ್ಕೆ ಬಹಳ ವರ್ಷ ಹಿಡಿಯಿತು. ಕೇಳುವ ಹೊತ್ತಿನಲ್ಲಿ ಕೇಳುವುದು ನಮಗೂ ತಿಳಿದಿರಲಿಲ್ಲ’ ಎಂದು. ಅವರು ಉತ್ತರ ಬರೆದಿದ್ದಾರೆ. ಪಟ್ಟಿಯಲ್ಲಿ ಈ ಸಲ ಹುರುಳಿ ಚೆಲ್ಲಿದ್ದಾರಂತೆ. ಪಕ್ಕದ ಊರಿನಲ್ಲಿ ಹೊಸ ಲೈನಿಗೆ ಅಳತೆ ನಡೆಯುತ್ತಿದೆಯಂತೆ. ಅಲ್ಲಿಯವರಿಗೆ ಓದಿ ಹೇಳಬೇಕು, ಆ ಅಂಕಿಗಳನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಕಳುಹಿಸು ಎಂದಿದ್ದಾರೆ.